ಕುಮುಶಳ ಕರು

ನನ್ನ ಮದುವೆಗೆ ಅಪ್ಪ ಕೊಟ್ಟ ಹಸುವಿನ ಹೆಸರು ಕುಮುಶ್, ಅಂದರೆ ಬೆಳ್ಳಿ. ಗ್ರಹಚಾರ ನೋಡಿ, ತೀರಿಹೋದ ನನ್ನ ಮಾವನ ಹೆಸರೂ ಕುಮುಶ್‌ಬೆಕ್. ನಮ್ಮ ಕಿರ್ಗಿಜರಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರೆತ್ತಬಾರದು, ಆ ಹೆಸರು ಸೇರಿದ ಮಾತನ್ನೂ ಆಡಬಾರದು. ಬಂದ ದಿನವೇ ಅತ್ತೆ ನನ್ನ ಹಸುವನ್ನು 'ಬಿಳಿಯವಳು' ಮಾಡಿಬಿಟ್ಟರು. ಬೆಳ್ಳಿ ಉಂಗುರಕ್ಕೂ ನಾನು ಬಿಳಿ ಉಂಗುರ ಅನ್ನಬೇಕಿತ್ತು.

ನಾನೂ ಜಗಮೊಂಡಿ. ಹಾಲು ಕರೆಯುವಾಗ ಹತ್ತಿರ ಯಾರೂ ಇಲ್ಲದಿದ್ದರೆ "ಕುಮುಶ್, ಕುಮುಶ್" ಎಂದು ಮೆಲ್ಲಗೆ ಹೇಳಿಯೇ ಕರುವನ್ನು ಬಿಡುತ್ತಿದ್ದೆ. ಹಸು ಹಾಲು ಇಳಿಸುತ್ತಿತ್ತು, ಕರು ಓಡಿಬರುತ್ತಿತ್ತು.

ಈ ಬೇಸಿಗೆ ನಾವು ಗುಡಾರ ಹಾಕಿದ್ದ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಹಸು ಕೊರಕಲಿಗೆ ಜಾರಿಬಿದ್ದು ಸತ್ತಿತು. ಉಳಿದದ್ದು ಇನ್ನೂ ಹುಲ್ಲು ಮುಟ್ಟದ ಹೆಣ್ಣುಗರು. ತವರಿನದು ಅಂತ ಈ ಮನೆಯಲ್ಲಿ ನನಗಿದ್ದದ್ದು ಅದೊಂದೇ.

ಬಾಟಲಿಗೆ ರಬ್ಬರು ತೊಟ್ಟು ಸಿಕ್ಕಿಸಿ, ನೆರೆಯವರ ಹಸುವಿನ ಹಾಲು ಬೆಚ್ಚಗೆ ಮಾಡಿ ಕೊಟ್ಟರೆ ಮೂತಿ ತಿರುಗಿಸುತ್ತಿತ್ತು. ಬೆರಳು ಚೀಪಿಸಿದೆ, ತುಟಿಗೆ ಹಾಲು ಸವರಿದೆ, ಬೈದೆ, ಗೋಗರೆದೆ. ಕೊನೆಗೊಂದು ಬೆಳಿಗ್ಗೆ ಎದ್ದು ನಿಲ್ಲಲೂ ಆಗದೆ ಗುಡಾರದ ಬಾಗಿಲಲ್ಲಿ ಬಿದ್ದುಕೊಂಡಿತು.

ಗಂಡ, ಅವನ ಹೆಸರೂ ನಾನು ಹೇಳುವ ಹಾಗಿಲ್ಲ, ಚಾಕು ಮಸೆಯುತ್ತ ಬಂದ.

"ಬಿಡು ಜಿಪಾರ್, ಅದು ಉಳಿಯಲ್ಲ. ತಾನಾಗೇ ಸತ್ರೆ ಮಾಂಸಾನೂ ತಿನ್ನೋ ಹಾಗಿಲ್ಲ, ನಾಯಿ ಪಾಲು."

"ನಿನಗೆ ಯಾವಾಗ್ಲೂ ಹೊಟ್ಟೇದೇ ಚಿಂತೆ," ಎಂದೆ.

ಬೆಣ್ಣೆ ತೆಗೆಯುತ್ತಿದ್ದ ಅತ್ತೆ ತಲೆಯೆತ್ತಿದರು. "ಅವನು ಹೇಳೋದ್ರಲ್ಲಿ ತಪ್ಪೇನಿದೆ? ಅದು ಒದ್ದಾಡೋದನ್ನ ನೋಡೋಕಾಗಲ್ಲ. ಕೊನೇ ಸಲ ಕುಡಿಸಿ ನೋಡು. ಕುಡೀಲಿಲ್ವಾ, ಅವನ ಕೈಗೆ ಕೊಟ್ಬಿಡು."

ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಾಯಿ ಬಿಗಿದೇ ಇತ್ತು. ಅದಕ್ಕೆ ಏನು ಬೇಕೋ ನನಗೆ ಆಗ ಹೊಳೆಯಿತು, ಆದರೆ ಅತ್ತೆ ಎದುರಿಗೇ ಇದ್ದರು. ಹೇಳಿದರೆ ಮನೆಯ ಮರ್ಯಾದೆ ಹೋಯಿತು, ಹೇಳದಿದ್ದರೆ ಕರು ಹೋಯಿತು. ಮರ್ಯಾದೆಯೇ ಹೋಗಲಿ ಅಂದುಕೊಂಡೆ.

"ಕುಮುಶ್," ಎಂದೆ, ಗಟ್ಟಿಯಾಗಿ. "ಕುಮುಶ್, ಕುಮುಶ್."

"ಏನೇ ಅಂದೆ?" ಎಂದ ಗಂಡ.

ಕರುವಿನ ಕಿವಿ ನಿಮಿರಿತು. ಬಾಟಲಿಗೆ ಮೂತಿಯಿಂದ ಒಂದು ಗುದ್ದು ಕೊಟ್ಟು, ರಬ್ಬರನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕರು ಚೀಪುವುದನ್ನು ನಿಲ್ಲಿಸಿದಾಗಲೆಲ್ಲ ಮತ್ತೆ ಹೆಸರು ಹೇಳಿದೆ. ಬಾಟಲಿ ಬರಿದಾಯಿತು. ಗಂಡ ಚಾಕುವನ್ನು ಒರೆಗೆ ಸೇರಿಸಿದ. ನಾನು ಬೈಗುಳಕ್ಕೆ ಕಾದು ಕೂತೆ.

ಅತ್ತೆ ಎದ್ದು ಬಂದು ಪಕ್ಕದಲ್ಲಿ ಕೂತು ಕರುವಿನ ಗಂಟಲು ಸವರಿದರು. ಮಾವ ಬದುಕಿದ್ದಾಗಲೂ ಆ ಹೆಸರನ್ನು ಅವರು ಒಮ್ಮೆಯೂ ಬಾಯಲ್ಲಿ ಆಡಿದವರಲ್ಲ. ಮಾವನನ್ನು ಹಾಗೆ ಕರೆಯುತ್ತಿದ್ದ ಹಿರಿಯರೂ ಈಗ ಯಾರೂ ಉಳಿದಿರಲಿಲ್ಲ. ಅತ್ತೆಯ ಕಣ್ಣು ತುಂಬಿತ್ತು.

"ಇನ್ನೊಂದ್ಸಲ ಕರಿ, ಮಗಳೇ."

"ಹಾಲು ಮುಗೀತು, ಅತ್ತೆ."

"ಗೊತ್ತು. ಕರಿ."