ತಾಕುಹಿಯ ಬೋಗುಣಿ

"ಅಯ್ಯೋ, ಆ ಬೋಗುಣಿ ಯಾಕೆ ತಂದೆ? ಒಳಗಿಡು!" ನೀರಿಗೆ ಚಾಚಿದ್ದ ಕೈಯನ್ನು ಮುದುಕಿ ನ್ವಾರ್ತ್ ಹಿಂದಕ್ಕೆಳೆದುಕೊಂಡಳು.

ಸ್ಮಶಾನದಿಂದ ಬಂದವರ ಕೈಗೆ ಬಾಗಿಲಲ್ಲೇ ನೀರು ಹಾಕುತ್ತಿದ್ದ ಶಾಕೆ ತಬ್ಬಿಬ್ಬಾದಳು. ಅತ್ತೆ ಓವ್ಸನ್ನಾಳನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದರು. ನಿರಾಶ್ರಿತರ ಬಡಾವಣೆ ಬುರ್ಜ್ ಹಮ್ಮೂದಿನ ಆ ಇಕ್ಕಟ್ಟಿನ ಮೆಟ್ಟಿಲ ತುಂಬ ನೆರೆಯವರು ನಿಂತಿದ್ದರು.

"ಕೈಗೆ ಸಿಕ್ತು, ತಂದೆ. ಏನಾಯ್ತೀಗ ಚಿಕ್ಕಮ್ಮ?"

"ನಿಮ್ಮತ್ತೆ ಅದರಲ್ಲಿ ಯಾರಿಗೂ ಒಂದು ಗುಟುಕು ನೀರು ಕೊಟ್ಟೋಳಲ್ಲ. ಅದು ತಾಕುಹಿದು."

ಹೆಸರು ಕೇಳಿದ್ದೇ ಓವ್ಸನ್ನಾಳ ಮಗ, ಶಾಕೆಯ ಗಂಡ ಬೆದ್ರೋಸನ ಮುಖ ಬಿಗಿದುಕೊಂಡಿತು. ಈಸ್ಟರಿನ ಮರುದಿನ, ಸತ್ತವರ ಪ್ರಾರ್ಥನೆಯಲ್ಲಿ ತಾಯಿ ಪ್ರತಿವರ್ಷ ಆ ಹೆಸರನ್ನು ಪಾದ್ರಿಯಿಂದ ಓದಿಸುತ್ತಿದ್ದಳು. ಯಾರೆಂದು ಕೇಳಿದರೆ "ನಮ್ಮವಳು" ಎಂದಷ್ಟೇ ಹೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಕೊನೆಗೆ ಅವನ ಕೈ ಹಿಡಿದುಕೊಂಡು "ತಾಕುಹಿ, ತಾಕುಹಿ" ಎಂದಿದ್ದಳು. ಮಗನ ಹೆಸರು ಬಾಯಿಗೆ ಬಂದಿರಲಿಲ್ಲ.

"ಮಾವನವರ ಹಳೇ ಪ್ರೇಯಸಿ ಅಂದ್ಕೊಂಡಿದ್ದೆ ನಾನು," ಶಾಕೆ ಮೆಲ್ಲಗೆ ಅಂದಳು.

"ನಿನ್ನ ಮಾವನಿಗಾ? ಕಟ್ಕೊಂಡೋಳ ಹತ್ರ ಮಾತಾಡೋಕೇ ಅವನಿಗೆ ನಾಲಿಗೆ ಹೊರಳ್ತಿರಲಿಲ್ಲ!" ಓವ್ಸನ್ನಾಳ ಬಾಲ್ಯದ ಗೆಳತಿ ನ್ವಾರ್ತ್ ಒಳಗೆ ಬಂದು ಕುರ್ಚಿ ಹಿಡಿದು ಕೂತಳು. "ಓವ್ಸನ್ನಾಗೆ ಅವಳ ತಾಯಿ ಹೇಳಿದಾಗ ನಾನೂ ಪಕ್ಕದಲ್ಲಿದ್ದೆ. ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿದ್ದಳು. ಈಗ ಇಬ್ಬರೂ ಇಲ್ಲ."

*

ಮೊದಲ ಮಹಾಯುದ್ಧದ ಕಾಲದಲ್ಲಿ ಹುಟ್ಟೂರು ಮರಾಶಿನಿಂದ ಸೈನಿಕರಿಂದ ಹೊರದಬ್ಬಿಸಿಕೊಂಡು ಮರುಭೂಮಿಯಲ್ಲಿ ನಡೆಯುತ್ತಿದ್ದವರ ನಡುವೆ ಓವ್ಸನ್ನಾಳ ತಾಯಿ ಇನ್ನೂ ಪುಟ್ಟ ಹುಡುಗಿ. ಹೆತ್ತವರು ದಾರಿಯಲ್ಲೇ ತೀರಿಕೊಂಡಿದ್ದರು. ಬಂಧುವಲ್ಲ, ಬಳಗವಲ್ಲ, ತಾಕುಹಿ ಎಂಬ ಹೆಂಗಸು ಅವಳನ್ನು ಜೊತೆಗೆ ಸೇರಿಸಿಕೊಂಡಿದ್ದಳು. ತಾಕುಹಿಯ ಸ್ವಂತ ಮಕ್ಕಳು ಯಾರೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ತಾಕುಹಿಗೆ ಏಳಲಾಗಲಿಲ್ಲ. ತವರಿನವರು ಕೊಟ್ಟಿದ್ದ ತಾಮ್ರದ ಬೋಗುಣಿಯನ್ನು ಹುಡುಗಿಯ ಕೈಗಿಟ್ಟು ಬಾವಿಗೆ ಕಳಿಸಿದಳು.

ಕಾವಲಿನವರು ಒಬ್ಬರಿಗೆ ಒಂದೇ ಬೋಗುಣಿ ನೀರು ಬಿಡುತ್ತಿದ್ದರು. ಹುಡುಗಿ ಎರಡೂ ಕೈಯಲ್ಲಿ ಹಿಡಿದು ಹೊರಟಳು. ದಾರಿಯಲ್ಲಿ ಒಂದು ಗುಟುಕು ಕುಡಿದಳು, ಆಮೇಲೆ ಇನ್ನೊಂದು. ತಲುಪುವಷ್ಟರಲ್ಲಿ ಬೋಗುಣಿ ಬರಿದಾಗಿತ್ತು.

ತಾಕುಹಿ ಅದರೊಳಗೆ ನೋಡಿದಳು.

"ಕುಡಿದ್ಯಾ ಮಗಳೇ? ಒಳ್ಳೇದಾಯ್ತು ಬಿಡು," ಎಂದು ಹುಡುಗಿಯ ಒದ್ದೆ ಗಲ್ಲ ಒರೆಸಿದಳು. ಸಂಜೆಗೆ ಜೀವ ಹೋಯಿತು.

*

"ಅವಳ ಹೆಸರು ಹೇಳೋಕೆ ಭೂಮಿ ಮೇಲೆ ಬೇರೆ ಯಾರೂ ಇರಲಿಲ್ಲ," ನ್ವಾರ್ತ್ ಅಂದಳು. "ಆಸ್ಪತ್ರೇಲಿ ನಿಮ್ಮಮ್ಮ ಅವಳನ್ನ ಕರೀತಿರಲಿಲ್ಲ ಕಣೋ ಬೆದ್ರೋಸ್. ಆ ಹೆಸರನ್ನ ನಿನಗೆ ಒಪ್ಪಿಸ್ತಿದ್ದಳು."

ಊಟ ಬಡಿಸಿದರು. ಓವ್ಸನ್ನಾಳ ಆತ್ಮಕ್ಕೆ ಬೆಳಕು ಕೋರಿ ಎಲ್ಲರೂ ವಾಡಿಕೆಯಂತೆ ಎದ್ದು ನಿಂತು, ಮತ್ತೆ ಕೂತು, ಅನ್ನ ಮಾಂಸಕ್ಕೆ ಕೈ ಹಾಕಿದರು. ಅರ್ಧ ಊಟದಲ್ಲಿ ಬೆದ್ರೋಸ್ ಮತ್ತೆ ಎದ್ದ.

"ಇನ್ನೊಬ್ಬರಿದ್ದಾರೆ," ಎಂದ. "ತಾಕುಹಿ. ನಮ್ಮವಳು. ದೇವರು ಅವಳ ಆತ್ಮಕ್ಕೂ ಬೆಳಕು ಕೊಡಲಿ."

ಕುರ್ಚಿಗಳು ಸರಿದ ಸದ್ದಾಯಿತು. ತುತ್ತು ಬಾಯಲ್ಲಿದ್ದವರು ಅಗಿಯುವುದನ್ನು ನಿಲ್ಲಿಸಿ ಎದ್ದರು. ಒಳಗೆ ಜಾಗ ಸಾಲದೆ ಹೊರಗೆ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ, ಕೆಳಗಿನ ಚಪ್ಪಲಿ ಅಂಗಡಿಯವರಿಗೆ ಏನೂ ಕೇಳಿಸಿರಲಿಲ್ಲ. ಒಳಗಿನವರು ಎದ್ದದ್ದು ಕಂಡು ಅವರೂ ತಟ್ಟೆ ಹಿಡಿದುಕೊಂಡೇ, ಒಬ್ಬರ ಹಿಂದೊಬ್ಬರು, ಕೆಳಗಿನ ಮೆಟ್ಟಿಲವರೆಗೂ ಎದ್ದು ನಿಂತರು.