ಬಾಲ್ಕನಿಯೊಳಗೆ ಉಳಿದ ಪಾರಿವಾಳ

ಚಿಕ್ಕಪ್ಪನ ಅಂಗಡಿಯಲ್ಲಿ ಬಲೆಗಳನ್ನು ಅಳತೆಗೆ ತಕ್ಕಂತೆ ಹೆಣೆದು ಕೊಡುತ್ತಿದ್ದರು. ಬಾಲ್ಕನಿಗೆ, ಗೋಲ್ ಕಂಬಕ್ಕೆ, ಲಾರಿಯ ಹೊರೆಗೆ, ನಿದ್ದೆಯಲ್ಲಿ ಮಂಚದಿಂದ ಉರುಳುವ ಯಾರದೋ ಮಾವನಿಗೂ ಒಂದು. ಅಂಗಡಿಯ ಕಟ್ಟುನಿಟ್ಟಿನ ನಿಯಮ ಒಂದೇ: ಕಟ್ಟಿ ಮುಗಿಸಿದ ಬಲೆಗೆ ಕತ್ತರಿ ತಾಕಿಸಬಾರದು. ತಾಕಿಸಿದರೆ ಹೆಣೆದವರ ಮರ್ಯಾದೆ ಹೋದಂತೆ.

ಅವನ ಅಣ್ಣನ ಮಗಳು ಇವತ್ತು ಮೊದಲ ಸಲ ಒಬ್ಬಳೇ ಕೆಲಸಕ್ಕೆ ಬಂದಿದ್ದಳು. "ಸಂಜೆ ಬಂದು ನೋಡ್ತೀನಿ. ಸರಿಯಿದ್ರೆ ಇನ್ಮೇಲೆ ನೀನೇ ಹೋಗು. ಇಲ್ದಿದ್ರೆ ಅಂಗಡೀಲಿ ಕೂತು ದಾರ ಸುತ್ತು" ಎಂದಿದ್ದ ಚಿಕ್ಕಪ್ಪ. ದಾರ ಸುತ್ತಿ ಸುತ್ತಿ ಅವಳ ತಲೆಯೇ ಉಂಡೆಯಾಗಿತ್ತು.

ನಿವೃತ್ತ ಡ್ರಿಲ್ ಮೇಷ್ಟ್ರ ಬಾಲ್ಕನಿ. ಪಾರಿವಾಳದ ಕಾಟ. ಮೂಲೆ ಮೂಲೆ ಎಳೆದು, ಪ್ರತಿ ಗಂಟನ್ನೂ ಹಲ್ಲಿನಿಂದ ಬಿಗಿದು, ಬಲೆಯ ಒಂದೊಂದು ಕಣ್ಣನ್ನೂ ತಡವಿ ನೋಡಿದಳು. ಇರುವೆಯೂ ಅನುಮತಿ ಕೇಳಬೇಕು, ಹಾಗೆ ಕಟ್ಟಿದ್ದಳು.

ಆಗ ವಾಷಿಂಗ್ ಮಷೀನಿನ ಹಿಂದಿನಿಂದ ಪಾರಿವಾಳವೊಂದು ನಡೆದುಬಂತು. ಎಲ್ಲ ನೋಡಿದ್ದಳು, ಆ ಮಷೀನಿನ ಹಿಂದೆ ಮಾತ್ರ ಇಣುಕಿರಲಿಲ್ಲ.

"ಭೇಷ್!" ಎಂದರು ಮೇಷ್ಟ್ರು. "ಹೊರಗಿಂದ ಬರೋದನ್ನ ತಡಿಯಮ್ಮ ಅಂದ್ರೆ ಒಳಗೆ ಕೂಡಿಹಾಕಿದೀಯ. ಕತ್ತರಿಸು, ಹೋಗ್ಲಿ."

"ಕತ್ತರಿ ಹಾಕಲ್ಲ ಸಾರ್. ಮನೆಯೊಳಗಿಂದ ಓಡಿಸ್ತೀನಿ."

ಬಾಲ್ಕನಿ ಬಾಗಿಲು ತೆರೆದಳು. ಪಾರಿವಾಳ ಹಾಲಿಗೆ ಹಾರಿ ಪರದೆಯ ಸರಳಿನ ಮೇಲೆ ಕೂತಿತು. ಗಿರಾಕಿಗಳಿಗೆ ತೋರಿಸುವ ಮಾದರಿ ಬಲೆಗಳ ಚೀಲ ಅವಳ ಬಳಿಯಿತ್ತು. ಗೋಲ್ ಬಲೆ ಬೀಸಿದಳು. ಹಕ್ಕಿ ಅದರ ಕಣ್ಣಿನಲ್ಲೇ ತೂರಿ ಆಚೆ ಹೋಯಿತು. ಹಣ್ಣು ಕೀಳುವ ಬಲೆಗೋಲು ಚಾಚಿದಳು. ದೀಪದ ಬುರುಡೆ ಬಿತ್ತು.

"ಎಡಕ್ಕೆ ತಿರುಗು! ಮುಂದೆ ನಡೆ!" ಮೇಷ್ಟ್ರು ಆಜ್ಞೆ ಕೊಡುತ್ತಿದ್ದುದು ಅವಳಿಗೋ ಹಕ್ಕಿಗೋ ತಿಳಿಯಲಿಲ್ಲ.

"ರೀ, ಆಚೆ ನಿಲ್ರೀ, ಅಡ್ಡ ಬರ್ತಿದ್ದೀರ" ಎಂದು ಅವರ ಹೆಂಡತಿ ಕೂಗುವಷ್ಟರಲ್ಲಿ ಹುಡುಗಿ ಮೀನಿನ ಬಲೆ ಬೀಸಿಯಾಗಿತ್ತು. ಪಾರಿವಾಳ ತಪ್ಪಿಸಿಕೊಂಡಿತು. ಮೇಷ್ಟ್ರು ಸಿಕ್ಕಿದರು. ಕನ್ನಡಕ, ಗುಂಡಿ, ಕಿವಿ ಎಲ್ಲಕ್ಕೂ ಬಲೆ ಸುತ್ತಿಕೊಂಡು ಸೋಫಾದ ಮೇಲೆ ಬಿದ್ದರು.

ಅಷ್ಟರಲ್ಲಿ ಕರೆಗಂಟೆ. ಹೆಂಡತಿ ಬಾಗಿಲು ತೆರೆದರು. ಹೊರಗೆ ಚಿಕ್ಕಪ್ಪ. ಪಾರಿವಾಳ ಕೆಳಗಿಳಿದು, ಅವನ ಚಪ್ಪಲಿ ಪಕ್ಕದಲ್ಲೇ ನಡೆದು, ಮೆಟ್ಟಿಲಿನ ಕಡೆ ಹೊರಟುಹೋಯಿತು.

"ಕತ್ತರಿ ತಗೊಂಬನ್ನಿ!" ಎಂದು ಮೇಷ್ಟ್ರು ಅರಚಿದರು.

"ಬೇಡ ಸಾರ್. ಗಂಟು ಗಂಟಾಗಿ ಬಿಡಿಸ್ತೀನಿ" ಎಂದಳು ಹುಡುಗಿ.

ಚಿಕ್ಕಪ್ಪ ನೇರ ಬಾಲ್ಕನಿಗೆ ಹೋದ. ಬಲೆ ಜಗ್ಗಿದ. ಗಂಟು ಮುಟ್ಟಿದ. ಮರಳಿ ಬಂದು ಸೋಫಾದ ಮೇಲಿನ ಮೂಟೆಯನ್ನು ನೋಡಿದ. ಮೂಟೆ ಬೈಯುತ್ತಿತ್ತು.

"ಎಷ್ಟೊತ್ತಾಗುತ್ತಮ್ಮ ಬಿಡಿಸೋಕೆ?" ಎಂದು ಹೆಂಡತಿ ಕೇಳಿದರು.

"ಒಂದು ಗಂಟೆ ಆಗಬಹುದಮ್ಮ."

"ನಿಧಾನವಾಗೇ ಬಿಡಿಸು. ಇವರು ಒಂದೇ ಕಡೆ ಕೂತಿದ್ದನ್ನ ಮದುವೆಯಾದಾಗಿಂದ ನೋಡಿರಲಿಲ್ಲ. ಆಮೇಲೆ ಇವರ ಅಳತೆಗೇ ಇನ್ನೊಂದು ಹೆಣೆದು ಕೊಡ್ತೀಯಾ?"

ಹುಡುಗಿ ಚಿಕ್ಕಪ್ಪನ ಮುಖ ನೋಡಿದಳು.

"ನನ್ನನ್ನೇನು ನೋಡ್ತೀಯ? ಕೆಲಸ ನಿಂದು" ಎಂದ ಚಿಕ್ಕಪ್ಪ. "ಭುಜದ ಹತ್ರ ಸ್ವಲ್ಪ ಸಡಿಲ ಬಿಡು, ಉಸಿರಾಡ್ಲಿ. ನಾನು ಹೋಗಿ ದಾರ ಸುತ್ತಿರ್ತೀನಿ."