ಲೈಲ್ ಬುರ್ಚಾಕನ ಒಂದೇ ಗೋಲು

ಎಲ್ಲಿಂದ ಶುರು ಮಾಡಲಿ? ಗೋಲಿನಿಂದ ಶುರು ಮಾಡಿದರೆ ಕಥೆ ಮೊದಲ ಸಾಲಿನಲ್ಲೇ ಮುಗಿದುಹೋಗುತ್ತದೆ. ಹುಟ್ಟಿನಿಂದ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಮಂಡಿಯಿಂದ ಶುರು ಮಾಡೋಣ ಎಂದುಕೊಂಡು ಒಂದು ಕರಡು ಬರೆದೆ: "ಲೈಲ್ ಬುರ್ಚಾಕ್ ಮೆಟ್ಟಿಲಿಳಿಯುವಾಗ ಅವನಿಗಿಂತ ಮೊದಲು ಅವನ ಮಂಡಿ ಮಾತಾಡುತ್ತದೆ." ಇಂಗ್ಲಿಷಿಗೆ ತಿರುಗಿಸಿ ಲೈಲ್‌ಗೇ ಓದಿ ಹೇಳಿದೆ.

"ನನ್ನ ಮಂಡಿ ಮಾತಾಡಲ್ಲ ಟೀಚರ್. ಬೈಯುತ್ತೆ," ಅಂದ.

ಹರಿದು ಹಾಕಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

೧

ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ಡನ್‌ರೇ ಎಂಬ ಊರಿನ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಊರಿನ ಐಸ್ ಹಾಕಿ ರಿಂಕಿಗೆ, ಅಂದರೆ ಮಂಜುಗಡ್ಡೆಯ ಆಟದಂಗಳಕ್ಕೆ, ಈ ಚಳಿಗಾಲ ಐವತ್ತು ತುಂಬಿತು. ಸಮಿತಿಯವರು ಸ್ಮರಣ ಸಂಚಿಕೆಗೆ ಲೈಲ್ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಅಂದರು. ರಿಂಕಿನ ಗೋಡೆಗೆ ಫಲಕವನ್ನೂ ಹಾಕುವವರಿದ್ದರು: "ದೊಡ್ಡ ಲೀಗಿನಲ್ಲಿ ಗೋಲು ಹೊಡೆದ ನಮ್ಮೂರಿನ ಏಕೈಕ ಆಟಗಾರ."

ಲೈಲ್ ಹದಿನೆಂಟಕ್ಕೆ ಊರು ಬಿಟ್ಟವನು. ಫಾರ್ವರ್ಡ್ ಆಟಗಾರ, ಎಡಪಕ್ಕದವನು. ಹದಿಮೂರು ಚಳಿಗಾಲ, ಒಂಬತ್ತು ತಂಡ, ಎಲ್ಲವೂ ಕೆಳದರ್ಜೆಯ ಲೀಗಿನವು. ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ. ನಾಲ್ಕು ಹಲ್ಲು ಹೋದವು, ಮೂಗು ಎರಡು ಸಲ ಮುರಿಯಿತು. ಮದುವೆಯಾದದ್ದು ಮಂಗಳವಾರ, ಏಕೆಂದರೆ ಬುಧವಾರ ಪಂದ್ಯವಿತ್ತು. ೧೯೮೪ರ ಫೆಬ್ರವರಿಯಲ್ಲಿ ದೊಡ್ಡ ತಂಡದ ಇಬ್ಬರು ಗಾಯಗೊಂಡು ಮಲಗಿದಾಗ ಇವನಿಗೆ ಕರೆ ಬಂತು. ಹತ್ತೊಂಬತ್ತು ದಿನ, ಏಳು ಪಂದ್ಯ, ಒಂದು ಗೋಲು. ಆಮೇಲೆ ಮತ್ತೆ ಬಸ್ಸು. ಮೂವತ್ತೊಂದಕ್ಕೆ ಮಂಡಿ ಕೈಕೊಟ್ಟಿತು. ಊರಿಗೆ ಮರಳಿದವನು ಇದೇ ರಿಂಕಿನಲ್ಲಿ ಮಂಜುಗಡ್ಡೆ ನುಣುಪು ಮಾಡುವ ಯಂತ್ರ ಓಡಿಸಿಕೊಂಡು ನಿವೃತ್ತನಾದ.

(ಇಷ್ಟಕ್ಕೇ ಸಂಚಿಕೆಯ ಒಂದು ಪುಟ ಆಯಿತು. ಉಳಿದ ಮೂರಕ್ಕೆ ಗೋಲನ್ನು ಎಳೆದೂ ಎಳೆದೂ ಬರೆಯುವ ಲೆಕ್ಕಾಚಾರ ನನ್ನದು.)

೨

ಅವನ ಅಡುಗೆಮನೆಯಲ್ಲಿ ಕೂತು ಗೋಲಿನ ಬಗ್ಗೆ ಕೇಳಿದೆ. ಹೆಂಡತಿ ನೋರೀನ್ ಪೆರೋಗಿ ಕಡುಬಿನೊಳಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದಳು.

"ಆ ಗೋಲು ನಂದಲ್ಲ," ಅಂದ ಲೈಲ್.

"ಶುರುವಾಯ್ತು," ಅಂದಳು ನೋರೀನ್. "ನಲವತ್ತು ವರ್ಷದಿಂದ ಇದೇ ರಾಗ. ಇಷ್ಟು ದಿನ ನನ್ನೊಬ್ಬಳಿಗೆ ಇತ್ತು, ಈಗ ನಿನಗೂ ಅಂಟಿಸ್ತಿದ್ದಾನೆ."

ನಡೆದದ್ದು ಇಷ್ಟು. ಲೈಲ್ ಎಡಗಡೆಯಿಂದ ಹೊಡೆದ. ಆ ಕಪ್ಪು ರಬ್ಬರ್ ಬಿಲ್ಲೆ ಗೋಲಿನಿಂದ ಆಚೆಗೇ ಹೋಗುತ್ತಿತ್ತು. ಬಲೆಯ ಮುಂದೆ ಇವನದೇ ತಂಡದ ಎಟಿಯೆನ್ ರೋಬಿಶೋ ನಿಂತಿದ್ದ. ನ್ಯೂ ಬ್ರನ್ಸ್‌ವಿಕ್‌ನ ಕಡಲ ತೀರದ ಫ್ರೆಂಚ್ ಮಾತಿನವನು. ಲೈಲ್‌ನ ಹಾಗೇ ಕೆಳಗಿನಿಂದ ಕರೆಸಿಕೊಂಡವನು, ಹೋಟೆಲಿನಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು. ಬಿಲ್ಲೆ ಅವನ ಕಾಲಿಗೆ ಬಡಿದು, ತಿರುಗಿ, ಒಳಗೆ ಹೋಯಿತು. ಕೊನೆಗೆ ಯಾರಿಗೆ ತಾಗುತ್ತದೋ ಗೋಲು ಅವರದು, ನಿಯಮ ಹಾಗಿದೆ. ಧ್ವನಿವರ್ಧಕದಲ್ಲಿ ಮಾತ್ರ ಲೈಲ್ ಹೆಸರು ಬಂತು. ಇಬ್ಬರಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ತಿದ್ದುತ್ತಿದ್ದರು. ಇಬ್ಬರೂ ಹೇಳಲಿಲ್ಲ.

"ನೀವ್ಯಾಕೆ ಹೇಳಲಿಲ್ಲ?"

"ಅಪ್ಪ ಬಂದಿದ್ದ. ಹನ್ನೊಂದು ಗಂಟೆ ಹಿಮದಲ್ಲಿ ಕಾರು ಓಡಿಸ್ಕೊಂಡು. ತಿರುಗಿ ನೋಡ್ತೀನಿ, ಎದ್ದು ನಿಂತಿದ್ದಾನೆ. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ. ಟೋಪಿ ತೆಗೆದು ಎರಡೂ ಕೈಲಿ ಹಿಡ್ಕೊಂಡು ಚರ್ಚಲ್ಲಿ ನಿಂತ ಹಾಗೆ ನಿಂತಿದ್ದಾನೆ. ಆ ಮುಖ ನೋಡಿದ ಮೇಲೆ ನನಗೆ ಬಾಯಿ ಬರ್ಲಿಲ್ಲ."

ರೋಬಿಶೋ ಒಟ್ಟು ಒಂಬತ್ತು ಪಂದ್ಯ ಆಡಿ ಕೆಳಗಿಳಿದ. ಮತ್ತೆ ಮೇಲೆ ಹೋಗಲಿಲ್ಲ. ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸೊನ್ನೆ.

ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಮರುಕವಾಗಲಿಲ್ಲ, ಖುಷಿಯಾಯಿತು. ಕಥೆ ಸಿಕ್ಕಿತ್ತು! ನನ್ನ ಮುಖ ನೋಡಿಯೇ ಲೈಲ್‌ಗೆ ಗೊತ್ತಾಗಿರಬೇಕು.

"ಸಂಚಿಕೇಲಿ ಬರೀಬೇಡ. ಬೇಕಾದ್ರೆ ನಿನ್ನ ಭಾಷೇಲಿ ಬರ್ಕೋ. ಇಲ್ಲಿ ಯಾರೂ ಓದಲ್ಲ."

"ನಮ್ಮ ಕಡೆಯವರು ಓದ್ತಾರಲ್ಲ."

"ಅವರಿಗೆ ಹಾಕಿ ಗೊತ್ತಾ?"

"ಹುಲ್ಲಿನ ಮೇಲೆ ಆಡೋದು ಗೊತ್ತು."

"ಹಾಗಾದ್ರೆ ಸೇಫ್," ಅಂದ.

(ಇಂಗ್ಲಿಷಿನಲ್ಲಿ 'ನೀನು', 'ನೀವು' ಎರಡೂ ಒಂದೇ. ಅವನಿಂದ ನನಗೆ 'ನೀನು' ಅನ್ನಿಸಿ, ನಾನು ಮಾತ್ರ 'ನೀವು' ಎನ್ನುತ್ತಿರುವುದು ನನ್ನದೇ ಕಾರುಬಾರು.)

ಕೈಬಿಟ್ಟ ಕರಡು

ರೋಬಿಶೋ ತೀರಿಕೊಂಡಿದ್ದಾನೆ. ಲೈಲ್ ಅವನ ಸಮಾಧಿಯ ಮುಂದೆ ನಿಂತು, ಜೇಬಿನಿಂದ ಆ ಬಿಲ್ಲೆ ತೆಗೆದು...

"ಅವನ್ಯಾಕೆ ಸಾಯ್ಬೇಕು?" ನೋರೀನ್ ರೇಗಿದಳು. "ಪ್ರತಿ ಕ್ರಿಸ್ಮಸ್ಸಿಗೂ ಕಾರ್ಡು ಕಳಿಸ್ತಾನೆ. ಇವನೂ ಕಳಿಸ್ತಾನೆ. ಹವಾಮಾನ, ಮೊಮ್ಮಕ್ಕಳು, ಸೊಂಟನೋವು, ಎಲ್ಲಾ ಇರುತ್ತೆ. ಗೋಲು ಒಂದು ಇರಲ್ಲ."

"ಬದುಕಿದ್ದಾರೆ ಅಂದ್ರೆ ಫೋನ್ ಮಾಡಬಹುದಲ್ಲ?" ಅಂದೆ.

ಇದನ್ನು ಹೇಳಿದ್ದು ಸ್ನೇಹಿತೆಯೋ, ಕಥೆಗಾರ್ತಿಯೋ? ಈಗಲೂ ಖಚಿತವಿಲ್ಲ. ಲೈಲ್ ಮೂರು ದಿನ ನನ್ನೊಡನೆ ಮಾತು ಬಿಟ್ಟ.

೪

(ಮೂರು ಎಲ್ಲಿ ಎನ್ನಬೇಡಿ. ಮೇಲಿನದೇ ಮೂರು ಅಂದುಕೊಳ್ಳಿ.)

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವನೇ ನನ್ನನ್ನು ಕರೆಸಿದ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ. ಪೀಠಿಕೆಯಿಲ್ಲದೆ ಕೇಳಿಯೇಬಿಟ್ಟ.

"ನನ್ನ ಕಾಲಿಗೆ ತಾಗ್ಲೇ ಇಲ್ಲ," ಅಂದ ರೋಬಿಶೋ.

"ತಾಗಿತ್ತು ಕಣೋ. ಕಣ್ಣಾರೆ ನೋಡಿದೀನಿ."

"ನಿನ್ನ ಕಣ್ಣು! ಆ ವಾರ ಯಾರೋ ಗುದ್ದಿ ನಿನ್ನ ಎಡಗಣ್ಣು ಮುಚ್ಚೇ ಹೋಗಿತ್ತು."

"ಬಲಗಣ್ಣಲ್ಲಿ ನೋಡ್ದೆ."

ಆ ಕಡೆ ನಗು. ಆಮೇಲೆ ನಗು ನಿಂತಿತು. "ಲೈಲ್, ನಿಮ್ಮಪ್ಪ ಎದ್ದು ನಿಂತಿದ್ದನ್ನ ನಾನೂ ನೋಡ್ದೆ."

"ಅವನೇ ನಮ್ಮಪ್ಪ ಅಂತ ಹೇಗೆ ಗೊತ್ತಾಯ್ತು?"

"ಮುರಿಯೋಕೆ ಮುಂಚೆ ನಿನ್ನ ಮೂಗು ಅದೇ ಅಲ್ವಾ."

ಲೈಲ್ ಫೋನಿನ ಕಡೆಗೆ ಬಾಗಿದ. "ಅಂದ್ರೆ ತಾಗಿತ್ತು. ಗೊತ್ತಿದ್ದೂ ನೀನು ಸುಮ್ಮನಿದ್ದೆ."

"ತಾಗಿದ್ರೆ ಹೇಳ್ತಿರಲಿಲ್ವೇನೋ? ನನಗೇನು ಗೋಲು ಬೇಡವಾಗಿತ್ತಾ? ಮಗಳು ಚಿಕ್ಕವಳಿದ್ದಾಗ ಕೇಳ್ತಿದ್ಲು, ಅಪ್ಪಾ ನೀನು ಒಂದೂ ಹೊಡೀಲಿಲ್ವಾ ಅಂತ. ಇಲ್ಲಮ್ಮ ಅಂದೆ. ಮಗಳ ಹತ್ರ ಸುಳ್ಳು ಹೇಳ್ತೀನಾ ನಾನು?"

ಫೋನಿಟ್ಟ ಮೇಲೆ ಲೈಲ್ ಹೊರಗೆ ಹೋಗಿ, ಬೆಳಿಗ್ಗೆಯೇ ಹಿಮ ಎತ್ತಿ ಹಾಕಿದ್ದ ಅಂಗಳವನ್ನು ಮತ್ತೆ ಸಲಿಕೆಯಿಂದ ಕೆರೆಯತೊಡಗಿದ. ಖಾಲಿ ಸಿಮೆಂಟಿನ ಸದ್ದು ಒಳಗೆ ಕೇಳುತ್ತಿತ್ತು. ನೋರೀನ್ ಅವನನ್ನು ಕರೆಯಲಿಲ್ಲ.

(ಚಿತ್ರೀಕರಣ ಇದ್ದಿರಬೇಕಲ್ಲ ಎನ್ನುತ್ತೀರಿ. ಇದೆ, ಹುಡುಕಿ ನೋಡಿದೆ. ಆ ಕ್ಷಣಕ್ಕೆ ಸರಿಯಾಗಿ ಅಡ್ಡಬಂದಿರುವುದು ರೆಫರಿಯ ವಿಶಾಲವಾದ ಬೆನ್ನು.)

೫

ಮರುದಿನ ಲೈಲ್ ಸಮಿತಿಯ ಸಭೆಗೆ ಹೋದ. ನಾನೂ ಅಲ್ಲಿದ್ದೆ. ರಿಂಕಿನ ಕ್ಯಾಂಟೀನಿನಲ್ಲಿ ಆರು ಜನ. ಅಧ್ಯಕ್ಷ ಮರ್ವಿನ್‌ಗೆ ಎಂಬತ್ತನಾಲ್ಕು. ಲೈಲ್‌ನ ಅಪ್ಪ ವಾಸಿಲ್ ಬದುಕಿದ್ದಾಗ ಅವನ ಜೊತೆ ಊರಿನ ಗೋಧಿ ಗೋದಾಮಿನಲ್ಲಿ ಕೆಲಸ ಮಾಡಿದವನು.

ಈ ಊರಿನಲ್ಲಿ ಆ ಗೋಲು ಎಂದರೆ ಏನೆಂದು ನಿಮಗೆ ಹೇಗೆ ಹೇಳಲಿ? ವಾಸಿಲ್ ತೀರಿಕೊಂಡಾಗ ಪಾದ್ರಿಗಳೂ ಅದನ್ನು ನೆನೆದಿದ್ದರಂತೆ. ಅಂಥದ್ದನ್ನು ಲೈಲ್ ಎದ್ದು ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡು, ನಾಲ್ಕೇ ಮಾತಿನಲ್ಲಿ ಕಳಚಿಟ್ಟ. "ಫಲಕಕ್ಕೆ ಆ ಸಾಲು ಹಾಕಬೇಡಿ. ಹೊಡೆದವನು ನಾನಲ್ಲ."

ಮರ್ವಿನ್ ಕಾಫಿ ಕಲಕುತ್ತಲೇ ಹೇಳಿದ:

"ನಿಮ್ಮಪ್ಪಂಗೆ ಗೊತ್ತಿತ್ತು."

"ಏನು?"

"ವಾಪಸ್ ಬಂದ ದಿನವೇ ನನಗೆ ಹೇಳ್ದ. ಆ ಫ್ರೆಂಚ್ ಹುಡುಗನ ಕಾಲಿಗೆ ಬಿತ್ತು ಕಣೋ, ನಮ್ಮವನು ಹೊಡೆದಿದ್ದು ಆಚೆ ಹೋಗ್ತಿತ್ತು ಅಂತ. ಯಾರಿಗೂ ಹೇಳ್ಬೇಡ, ಅವನು ಸಂತೋಷವಾಗಿದ್ದಾನೆ ಅಂದ."

"ಮತ್ತೆ ಎದ್ದು ನಿಂತಿದ್ದು ಯಾಕೆ?"

"ಅದನ್ನ ನಾನು ಕೇಳ್ಲಿಲ್ಲ. ನೀನು ಅಲ್ಲಿ ಆಡ್ತಿದ್ದೆ, ಅದಕ್ಕೇ ಇರಬೇಕು."

ಲೈಲ್ ಕೂತುಬಿಟ್ಟ. ಅಪ್ಪ ಸಾಯುವವರೆಗೆ ಆರು ವರ್ಷ ಅವನ ಮುಂದೆ ಈ ಮಗ ಗೋಲು ಹೊಡೆದವನ ಹಾಗೆ ನಟಿಸಿದ್ದ. ಅಪ್ಪ ನಂಬಿದವನ ಹಾಗೆ ನಟಿಸಿದ್ದ. ಲೈಲ್ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ಬರೆದಿದ್ದೆ, ಓದಿಸಿಕೊಂಡು, "ನಗುತ್ತಿದ್ದೆ" ಅಂದ. ನೋರೀನ್, "ಎರಡೂ ಅಂತ ಬರಿ" ಅಂದಳು.

ಹೊರಗೆ ಬಂದಮೇಲೆ ಮರ್ವಿನ್‌ನನ್ನು ತಡೆದು ಕೇಳಿದೆ: "ಅದು ನಿಜಾನಾ, ಅಥವಾ ಅವರನ್ನ ಉಳಿಸೋಕೆ ಹೇಳಿದ್ರಾ?"

"ಟೀಚರ್, ನಿನ್ನ ಕಾರು ಹೆಪ್ಪುಗಟ್ಟುತ್ತೆ, ಹೊರಡು," ಅಂದ.

ಫಲಕದಲ್ಲಿ ಈಗ ಹೆಸರಿದೆ, ಹದಿಮೂರು ಚಳಿಗಾಲವಿದೆ. ಗೋಲಿನ ಮಾತಿಲ್ಲ.

ಮುಗಿಯದ್ದು

ಐವತ್ತರ ಸಮಾರಂಭಕ್ಕೆ ರೋಬಿಶೋ ಬರುತ್ತೇನೆಂದ. ಲೈಲ್ ಜೊತೆ ನಾನೂ ರಿಜೈನಾದ ವಿಮಾನ ನಿಲ್ದಾಣಕ್ಕೆ ಹೋದೆ. ಇಬ್ಬರೂ ನೋಡಿಕೊಂಡು ಮೂವತ್ತೆಂಟು ವರ್ಷವಾಗಿತ್ತು. ಇಲ್ಲಿ ನಿಮಗಾಗಿ ಎರಡು ಮುಕ್ತಾಯ ಸಿದ್ಧ ಮಾಡಿಕೊಂಡಿದ್ದೆ, ಒಂದರಲ್ಲಿ ರೋಬಿಶೋ ಒಪ್ಪಿಕೊಳ್ಳುತ್ತಾನೆ, ಇನ್ನೊಂದರಲ್ಲಿ ಲೈಲ್. ಎರಡೂ ಚೆನ್ನಾಗಿದ್ದವು, ಅದೇ ಅವುಗಳ ತೊಂದರೆ.

"ಏನಂತ ಮಾತಾಡಿಸ್ಲಿ ಅವನ್ನ?" ಲೈಲ್ ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡುತ್ತಿದ್ದ.

"ಬರೆದುಕೊಡಲಾ?"

"ನೀನು ಮೊದಲು ಆ ನೋಟ್‌ಬುಕ್ ಒಳಗಿಡು."

ಗಾಜಿನ ಬಾಗಿಲು ಸರಿಯಿತು. ಮಕ್ಕಳನ್ನೆತ್ತಿಕೊಂಡವರು, ಪೆಟ್ಟಿಗೆ ಎಳೆಯುವವರು, ಅವರ ಹಿಂದೆ ಒಬ್ಬ ಗಿಡ್ಡನೆಯ ದಪ್ಪ ಮುದುಕ, ಕಾಲು ಎಳೆದುಕೊಂಡು. ಲೈಲ್ ಕೈ ಎತ್ತಲು ಹೋಗಿ ಮರೆತ. ಆ ಮುದುಕ ನೇರ ಬಂದು, ತೀರಾ ಹತ್ತಿರ ನಿಂತು, ಇವನ ಮುಖವನ್ನು ನೋಡಿ ಏನೋ ಅಂದ. ಇವನೂ ಏನೋ ಅಂದ.

ನಾನು ಪಕ್ಕದಲ್ಲೇ ಇದ್ದೆ. ಎರಡೂ ಮಾತು ಸ್ಪಷ್ಟವಾಗಿ ಕೇಳಿಸಿದವು. ಬರೆಯುವುದಿಲ್ಲ.